ಬಿತ್ತನೆಯ ಬೀಜ

ಧಾರವಾಡದ ಸೀಮೆಯ ರೈತನ ಮನೆಗೆ ಸುಗ್ಗಿಯ ಕಾಲದಲ್ಲಿ ಜೋಳದ ರಾಶಿ ಬಂದಾಗ, ಅದರಲ್ಲಿ ತುಂಬಿದ ಒಳ್ಳೆಯ ಕಾಳುಗಳನ್ನು ಆರಿಸಿ ಮುಂದಿನ ವರ್ಷದ ಬಿತ್ತನೆಗೆಂದು ಬೇರೆಯಾಗಿ ಇಡುವುದು ಹಿಂದಿನಿಂದ ಬಂದ ರೂಢಿ. ಆ ಬಳಿಕ ಎಂಥ ಬರಗಾಲ ಬಂದರೂ, ಮನೆಯವರು ಒಂದು ಹೊತ್ತು ಉಪವಾಸವಿದ್ದರೂ, ಆ ಕಾಳಿಗೆ ಯಾರೂ ಕೈ ಹಾಕುವಂತಿಲ್ಲ. ಉಣ್ಣುವ ಕಾಳು ಬೇರೆ, ಬಿತ್ತುವ ಬೀಜ ಬೇರೆ. ಬೀಜವನ್ನು ತಿಂದ ಮನೆ ಆ ದಿನದ ಹಸಿವನ್ನು ನೀಗಿಸಿಕೊಂಡೀತು. ಆದರೆ ಮುಂದಿನ ವರ್ಷದ ಬೆಳೆಯನ್ನು ಕಳೆದುಕೊಳ್ಳುತ್ತದೆ. ಈ ತಿಳಿವಳಿಕೆಯನ್ನು ಹೊಲದಿಂದ ಸಾರ್ವಜನಿಕ ಜೀವನಕ್ಕೆ ತಂದಾಗ ಹುಟ್ಟಿದ ವ್ಯವಸ್ಥೆಯೇ ದತ್ತಿನಿಧಿ.

‘ದತ್ತ’ ಎಂದರೆ ಕೊಟ್ಟದ್ದು. ಒಂದು ಸತ್ಕಾರ್ಯಕ್ಕೆ ಹಣವನ್ನು ಎರಡು ಬಗೆಯಲ್ಲಿ ಕೊಡಬಹುದು. ಕೂಡಲೆ ಖರ್ಚು ಮಾಡಲೆಂದು ಕೊಟ್ಟ ಹಣ ದೇಣಿಗೆ ಎನಿಸುತ್ತದೆ. ಮೂಲಧನವನ್ನು ಮುಟ್ಟದೆ, ಅದರಿಂದ ಬರುವ ಬಡ್ಡಿ ಅಥವಾ ಉತ್ಪನ್ನದಿಂದಲೇ ಕಾರ್ಯವನ್ನು ವರ್ಷವರ್ಷವೂ ನಡೆಸಬೇಕೆಂಬ ಕಟ್ಟಳೆಯೊಂದಿಗೆ ಕೊಟ್ಟದ್ದು ದತ್ತಿ. ಮೊದಲನೆಯದು ಹಸಿದವನಿಗೆ ಕೊಟ್ಟ ರೊಟ್ಟಿಯಂತೆ. ಎರಡನೆಯದು ಅವನಿಗೆ ಬಿಟ್ಟುಕೊಟ್ಟ ಹೊಲದಂತೆ. ಎರಡೂ ಬೇಕು, ಆದರೆ ಎರಡರ ಗುಣ ಒಂದೇ ಅಲ್ಲ.

ಈ ವ್ಯವಸ್ಥೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಊರುಗಳ ಶಾಸನಗಳನ್ನು ಓದಿದರೆ ದತ್ತಿಗಳ ಉಲ್ಲೇಖ ಹೆಜ್ಜೆಹೆಜ್ಜೆಗೂ ದೊರೆಯುತ್ತದೆ. ಗುಡಿಯ ನಂದಾದೀಪಕ್ಕೆ, ವಿದ್ಯಾರ್ಥಿಗಳ ಊಟಕ್ಕೆ, ದಾರಿಹೋಕರ ಅರವಟ್ಟಿಗೆಗೆ ಭೂಮಿಯನ್ನು ಬಿಟ್ಟ ಸಂಗತಿಗಳು ಅವುಗಳಲ್ಲಿವೆ. ಕೆರೆಗಳ ವಿಷಯವಂತೂ ವಿಶೇಷವಾಗಿ ಗಮನಿಸತಕ್ಕದ್ದು. ಕೆರೆಯನ್ನು ಕಟ್ಟಿಸುವುದಷ್ಟೇ ಸಾಲದು, ವರ್ಷವರ್ಷವೂ ಹೂಳೆತ್ತಬೇಕು, ಏರಿಯನ್ನು ಭದ್ರಪಡಿಸಬೇಕು, ತೂಬನ್ನು ನೋಡಿಕೊಳ್ಳಬೇಕು ಎಂಬುದನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ಆದ್ದರಿಂದಲೇ ಕೆರೆಯ ಪಾಲನೆಗಾಗಿ ಭೂಮಿಯನ್ನೋ, ಬೆಳೆಯ ಒಂದು ಪಾಲನ್ನೋ ಮೀಸಲಿಡುತ್ತಿದ್ದರು. ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ಶಾಸನದ ಮಾತುಗಳು ಈ ಏರ್ಪಾಟನ್ನೇ ಸೂಚಿಸುತ್ತವೆ. ಅರಸನ ಬೊಕ್ಕಸ ಬರಿದಾದರೂ, ರಾಜ್ಯವೇ ಕೈ ಬದಲಾಯಿಸಿದರೂ, ಆ ಭೂಮಿಯ ಉತ್ಪನ್ನ ಇರುವ ತನಕ ಕೆರೆಯ ಕೆಲಸ ನಿಲ್ಲಬಾರದೆಂಬುದು ಅದರ ಹಿಂದಿನ ಆಶಯ.

ಆಧುನಿಕ ಕಾಲದಲ್ಲಿ ಇದೇ ಆಶಯವು ಉತ್ತರ ಕರ್ನಾಟಕದ ವಿದ್ಯಾಕ್ಷೇತ್ರದಲ್ಲಿ ಹೊಸ ರೂಪವನ್ನು ತಾಳಿತು. 1906ರಲ್ಲಿ ತೀರಿಕೊಂಡ ಸಿರಸಂಗಿಯ ದೇಸಾಯಿ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಶಿಕ್ಷಣಕ್ಕೆ ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. ಅದರ ಉತ್ಪನ್ನದಿಂದ ಅನೇಕ ಬಡ ವಿದ್ಯಾರ್ಥಿಗಳು ಓದಿ ಮುಂದೆ ಬಂದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವುದಕ್ಕೆ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದ ಹಿರಿಯರು ಜನರಿಂದ ಹಣ ಕೂಡಿಸಲು ಪಟ್ಟ ಶ್ರಮ ಕಾರಣವಾಯಿತು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಇಂದಿಗೂ ಹಲವಾರು ದತ್ತಿ ಉಪನ್ಯಾಸಗಳು ನಡೆಯುತ್ತವೆ. ತಂದೆ-ತಾಯಿಗಳ, ಗುರುಗಳ ನೆನಪಿಗೆಂದು ಮನೆತನದವರು ಇಟ್ಟ ಮೂಲಧನದ ಬಡ್ಡಿಯೇ ಇವುಗಳಿಗೆ ಆಧಾರ. ಹೀಗೆ ದತ್ತಿ ಎಂಬ ಮಾತು ಧಾರವಾಡದವರಿಗೆ ಮನೆಮಾತು.

ಆದರೆ ಉಪನ್ಯಾಸಕ್ಕೆ, ಚಿನ್ನದ ಪದಕಕ್ಕೆ, ವಿದ್ಯಾರ್ಥಿವೇತನಕ್ಕೆ ದೊರೆತ ಈ ಭಾಗ್ಯವು ಗಿಡಮರಗಳಿಗೆ, ಕೆರೆಕುಂಟೆಗಳಿಗೆ ಅಷ್ಟಾಗಿ ದೊರೆತಿಲ್ಲ. ಹುಬ್ಬಳ್ಳಿ-ಧಾರವಾಡಗಳಿಗೆ ಇದರ ಅಗತ್ಯ ಸಾಮಾನ್ಯವಾದುದಲ್ಲ. ಈ ಅವಳಿ ನಗರಗಳು ಮಲೆನಾಡಿನ ಸೆರಗು ಮುಗಿದು ಬಯಲುಸೀಮೆ ತೊಡಗುವ ಎಡೆಯಲ್ಲಿವೆ. ಪಶ್ಚಿಮಕ್ಕೆ ಕೆಮ್ಮಣ್ಣು ಮತ್ತು ಕುರುಚಲು ಕಾಡು. ಪೂರ್ವಕ್ಕೆ ಎರೆಯ ಹೊಲ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಪಶ್ಚಿಮದ ಕಡಲನ್ನು ಸೇರುತ್ತದೆ. ಇದೇ ಸೀಮೆಯ ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೂ ಅಲ್ಲಿಂದ ಕೃಷ್ಣೆಗೂ ಹರಿದು ಪೂರ್ವದ ಕಡಲಿಗೆ ಹೋಗುತ್ತದೆ. ಎರಡು ಕಡಲುಗಳಿಗೆ ನೀರು ಹಂಚುವ ಈ ನೆತ್ತಿಯ ಮೇಲೆ ನದಿಯ ನೀರು ನಿಲ್ಲುವುದಿಲ್ಲ. ಮಳೆಯನ್ನು ಹಿಡಿದಿಡಬಲ್ಲವು ಕೆರೆಗಳು ಮತ್ತು ಮರಗಳು ಮಾತ್ರ. ಉಣಕಲ್, ಕೆಲಗೇರಿ, ನುಗ್ಗಿಕೇರಿ, ಸಾಧನಕೇರಿ ಎಂಬ ಹೆಸರುಗಳು ಊರಿನ ಬಾಳಿನೊಡನೆ ಬೆರೆತು ಬಂದಿರುವುದು ಇದೇ ಕಾರಣದಿಂದ.

ಇಂಥ ಕೆರೆಗಳನ್ನೂ ಗುಡ್ಡಗಳನ್ನೂ ಕಾಪಾಡಲು ಉತ್ಸಾಹಿಗಳಾದ ಸ್ವಯಂಸೇವಕರು ಮುಂದೆ ಬರುವುದುಂಟು. ಪರಿಸರ ದಿನಾಚರಣೆಯಂದು ನೂರಾರು ಕೈಗಳು ನೂರಾರು ಸಸಿಗಳನ್ನು ನೆಡುತ್ತವೆ. ಅಂದು ಗುಡ್ಡದಲ್ಲಿ ಜಾತ್ರೆಯ ಸಂಭ್ರಮ. ಜೂನ್ ತಿಂಗಳ ಮಳೆ ಸಸಿಗಳಿಗೆ ನೀರೆರೆಯುತ್ತದೆ. ಆದರೆ ಮುಂದಿನ ಮಾರ್ಚ್ ಬರುತ್ತಲೇ ನೆಲ ಕಾಯುತ್ತದೆ, ದನಕುರಿಗಳು ಮೇವಿಗಾಗಿ ಹುಡುಕುತ್ತವೆ, ಹುಲ್ಲಿಗೆ ಕಿಚ್ಚು ಬೀಳುತ್ತದೆ. ಆಗ ನೀರು ಹಾಕುವವರಾರು, ಬೇಲಿ ಕಟ್ಟುವವರಾರು? ಸಸಿಯೊಂದು ತನ್ನ ಬೇರಿನ ಮೇಲೆ ತಾನು ನಿಲ್ಲಬೇಕಾದರೆ ಎರಡು ಮೂರು ಬೇಸಗೆಗಳನ್ನಾದರೂ ದಾಟಬೇಕು. ನೆಡುವುದು ಒಂದು ದಿನದ ಕೆಲಸ. ಸಾಕುವುದು ಸಾವಿರ ದಿನಗಳ ಕೆಲಸ. ಕೆರೆಯ ಕತೆಯೂ ಇದೇ. ದಕ್ಷಿಣ ಅಮೆರಿಕದಿಂದ ಬಂದ ಅಂತರಗಂಗೆಯೆಂಬ ಕಳೆ ಕೊಳಚೆ ಸೇರಿದ ನೀರಿನಲ್ಲಿ ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಒಮ್ಮೆ ಕಿತ್ತು ಹಾಕಿ ಸುಮ್ಮನಾದರೆ ಕೆಲವೇ ತಿಂಗಳುಗಳಲ್ಲಿ ಅದು ಮತ್ತೆ ಕೆರೆಯನ್ನು ಮುಚ್ಚುತ್ತದೆ.

ಜನರ ಉತ್ಸಾಹದ ಶಕ್ತಿ ಸಣ್ಣದಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಊರಿನ ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೆ ಉಪಯುಕ್ತವಾದ ಸಸಿಗಳನ್ನು ಹಚ್ಚಲಾಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಈ ಹೋರಾಟದ ಬೆನ್ನಿಗಿತ್ತು. ಆ ಹೆಸರಿನ ಎರಡು ಮಾತುಗಳನ್ನು ಬಿಡಿಸಿ ನೋಡಿದರೆ ಒಂದು ಪಾಠ ಹೊಳೆಯುತ್ತದೆ: ಕೀಳುವುದಕ್ಕೆ ಧೈರ್ಯ ಬೇಕು, ಹಚ್ಚಿದ್ದನ್ನು ಉಳಿಸಿಕೊಳ್ಳುವುದಕ್ಕೆ ಧೈರ್ಯದೊಡನೆ ವ್ಯವಸ್ಥೆಯೂ ಬೇಕು.

ಸ್ವಯಂಸೇವಕರು ಕೂಲಿ ಕೇಳುವುದಿಲ್ಲವಾದ್ದರಿಂದ ಅವರ ಕಾರ್ಯಕ್ಕೆ ಹಣವೇ ಬೇಡವೆಂದು ಕೆಲವರು ತಿಳಿಯುತ್ತಾರೆ. ಇದು ಸರಿಯಲ್ಲ. ಗುದ್ದಲಿ, ಸಲಿಕೆ, ಕೈಚೀಲ, ನೀರಿನ ಟ್ಯಾಂಕರು, ಸಸ್ಯಪಾಲನಾಕ್ಷೇತ್ರ, ಗಾಯವಾದರೆ ಔಷಧ, ಲೆಕ್ಕ ಬರೆಯುವವನ ಸಂಬಳ, ಬೇಸಗೆಯಲ್ಲಿ ಒಬ್ಬ ಕಾವಲುಗಾರನ ಪಗಾರ, ಇವೆಲ್ಲಕ್ಕೂ ಹಣ ಬೇಕು. ದೇಣಿಗೆ ಕೊಡುವವರು ಸಸಿಗೆ ಕೊಡಲು ಒಪ್ಪುತ್ತಾರೆ. ಕಾವಲುಗಾರನ ಪಗಾರಕ್ಕೆ ಕೊಡಲು ಹಿಂಜರಿಯುತ್ತಾರೆ. ಮೆಚ್ಚುಗೆ ದೊರೆಯದ, ಆದರೆ ಬಿಡಲಾಗದ ಇಂಥ ಖರ್ಚುಗಳಿಗೇ ದತ್ತಿನಿಧಿ ಬಹು ಮುಖ್ಯವಾಗುತ್ತದೆ.

ದತ್ತಿಯ ಗಣಿತವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಸಾವಿರ ಜನರು ತಲಾ 100 ರೂಪಾಯಿ ಕೊಟ್ಟರೆ 1 ಲಕ್ಷ ರೂಪಾಯಿ ಕೂಡುತ್ತದೆ. ಅದನ್ನು ಶೇಕಡಾ 7ರ ಬಡ್ಡಿಗೆ ಇಟ್ಟರೆಂದು ಭಾವಿಸೋಣ. ವರ್ಷಕ್ಕೆ 7,000 ರೂಪಾಯಿ ಬರುತ್ತದೆ. ಅದನ್ನೆಲ್ಲ ಖರ್ಚು ಮಾಡಬಹುದೆ? ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರುತ್ತಿದ್ದರೆ, ಸುಮಾರು 14 ವರ್ಷಗಳಲ್ಲಿ ಅವು ಇಮ್ಮಡಿಯಾಗುತ್ತವೆ. ಆಗ ಪುಸ್ತಕದಲ್ಲಿ 1 ಲಕ್ಷವೇ ಇದ್ದರೂ ಅದರ ನಿಜವಾದ ಶಕ್ತಿ ಅರ್ಧಕ್ಕಿಳಿದಿರುತ್ತದೆ. ಆದ್ದರಿಂದ ಬಂದ ಬಡ್ಡಿಯಲ್ಲಿ 5,000 ರೂಪಾಯಿಗಳನ್ನು ಮೂಲಧನಕ್ಕೇ ಸೇರಿಸಿ, ಉಳಿದ 2,000 ರೂಪಾಯಿಗಳನ್ನು ಮಾತ್ರ ಖರ್ಚು ಮಾಡುವುದು ವಿವೇಕ. ಈ ಲೆಕ್ಕದಂತೆ ವರ್ಷಕ್ಕೆ 60,000 ರೂಪಾಯಿ ಬೇಕಾದ ಒಂದು ಕಾರ್ಯಕ್ಕೆ 30 ಲಕ್ಷ ರೂಪಾಯಿಗಳ ಮೂಲಧನ ಬೇಕು. ಬೆಲೆಯೇರಿಕೆಯನ್ನು ಮರೆತು ಲೆಕ್ಕ ಹಾಕಿದವನು ಸುಮಾರು 8 ಲಕ್ಷ 57 ಸಾವಿರ ಸಾಕೆಂದು ಭಾವಿಸಿ ಮುಂದೆ ಪೇಚಿಗೆ ಸಿಲುಕುತ್ತಾನೆ. ಹೆಸರಾಂತ ನೊಬೆಲ್ ನಿಧಿಗೂ ಇಂಥ ಸಂಕಟ ತಪ್ಪಿರಲಿಲ್ಲ. 1901ರಲ್ಲಿ ಸುಮಾರು 1 ಲಕ್ಷ 50 ಸಾವಿರ ಕ್ರೋನರ್ ಇದ್ದ ಬಹುಮಾನ 1923ರಲ್ಲಿ ಸುಮಾರು 1 ಲಕ್ಷ 15 ಸಾವಿರಕ್ಕೆ ಇಳಿದಿತ್ತು. ತೆರಿಗೆಯ ಭಾರ ಹಗುರವಾಗಿ, ಹಣ ತೊಡಗಿಸುವ ನಿಯಮಗಳು ಬದಲಾದ ಮೇಲೆಯೇ ಆ ನಿಧಿ ಚೇತರಿಸಿಕೊಂಡಿತು.

ಪ್ರಕೃತಿ ಸಂರಕ್ಷಣೆಗಾಗಿ ದತ್ತಿ ಕೂಡಿಸಿದ ಉದಾಹರಣೆಗಳು ಹೊರನಾಡುಗಳಲ್ಲಿವೆ. ಇಂಗ್ಲೆಂಡಿನಲ್ಲಿ 1895ರಲ್ಲಿ ಆಕ್ಟೇವಿಯಾ ಹಿಲ್ ಮತ್ತು ಅವರ ಇಬ್ಬರು ಮಿತ್ರರು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1907ರಲ್ಲಿ ಆ ಸಂಸ್ಥೆ ಬ್ಯಾರಿಂಗ್‌ಟನ್ ಕೋರ್ಟ್ ಎಂಬ ಹಳೆಯ ಭವನವನ್ನು ಕೊಂಡಿತು. ಅದರ ದುರಸ್ತಿಯ ವೆಚ್ಚ ಸಂಸ್ಥೆಗೆ ದೊಡ್ಡ ಹೊರೆಯಾಯಿತು. ಪಾಲನೆಗೆ ಬೇಕಾದ ದತ್ತಿಯಿಲ್ಲದೆ ಆಸ್ತಿಯನ್ನು ಸ್ವೀಕರಿಸಬಾರದೆಂಬ ಎಚ್ಚರ ಈ ಅನುಭವದಿಂದ ಮೂಡಿತು. ವಿಶ್ವ ವನ್ಯಜೀವಿ ನಿಧಿಯು 1961ರಲ್ಲಿ ಹುಟ್ಟಿತು. 1970ರ ಸುಮಾರಿಗೆ ಅದರ ಅಧ್ಯಕ್ಷರಾಗಿದ್ದ ನೆದರ್‌ಲ್ಯಾಂಡಿನ ರಾಜಕುಮಾರ ಬರ್ನ್‌ಹಾರ್ಡರು ಒಂದು ಯೋಜನೆ ಹಾಕಿದರು. ಸಾವಿರದ ಒಂದು ಜನರು ತಲಾ 10,000 ಡಾಲರ್ ಕೊಟ್ಟರು. ಸುಮಾರು 1 ಕೋಟಿ ಡಾಲರ್ ಕೂಡಿತು. ಇದರ ಉತ್ಪನ್ನದಿಂದ ಕಚೇರಿಯ ಖರ್ಚು ನಡೆಯತೊಡಗಿದ್ದರಿಂದ ಉಳಿದ ದೇಣಿಗೆಗಳನ್ನು ಕಾಡಿನ ಕೆಲಸಕ್ಕೆ ಬಳಸಲು ಅನುಕೂಲವಾಯಿತು. ಆದರೆ ದಾನಿಗಳ ಹೆಸರುಗಳನ್ನು ಬಹಿರಂಗಪಡಿಸಿರಲಿಲ್ಲ. ಮುಂದೆ ಅವರಲ್ಲಿ ಕೆಲವರ ನಡತೆಯ ಬಗೆಗೆ ಟೀಕೆ ಬಂದಾಗ ಸಂಸ್ಥೆ ಮುಜುಗರವನ್ನು ಅನುಭವಿಸಬೇಕಾಯಿತು. ನದಿಯನ್ನು ಕೆಡಿಸಿದವನಿಂದ ನದಿಯ ರಕ್ಷಣೆಗೆಂದು ಹಣ ಪಡೆದರೆ, ಆ ಹಣ ಬಾಯನ್ನು ಕಟ್ಟುವ ದಾರವಾದೀತು.

ಹಾಗಾದರೆ ನಿಧಿಯನ್ನು ಕೂಡಿಸುವ ಸರಿಯಾದ ದಾರಿ ಯಾವುದು? ಉತ್ತರ ಕರ್ನಾಟಕದ ಪ್ರಸಾದನಿಲಯಗಳು ಇದಕ್ಕೆ ಉತ್ತರವನ್ನು ಹಿಂದೆಯೇ ಕೊಟ್ಟಿವೆ. ಗೃಹಿಣಿಯರು ಅಡುಗೆಗೆ ಕಾಳು ತೆಗೆಯುವಾಗಲೆಲ್ಲ ಒಂದು ಮುಷ್ಟಿಯನ್ನು ಬೇರೆ ಗಡಿಗೆಯಲ್ಲಿ ಹಾಕಿಡುತ್ತಿದ್ದರು. ಆ ಮುಷ್ಟಿಧಾನ್ಯವು ಸೇರಿ ದೂರದ ಹಳ್ಳಿಗಳಿಂದ ಬಂದ ಮಕ್ಕಳಿಗೆ ಅನ್ನವಾಯಿತು. ಒಬ್ಬ ಧನಿಕನ ಲಕ್ಷಕ್ಕಿಂತ ಸಾವಿರ ಮನೆಗಳ ಮುಷ್ಟಿಗೆ ಬೆಲೆ ಹೆಚ್ಚು. ಏಕೆಂದರೆ ಹಣದ ಜೊತೆಗೆ ಸಾವಿರ ಜೋಡಿ ಕಣ್ಣುಗಳ ಕಾವಲೂ ನಿಧಿಗೆ ದೊರೆಯುತ್ತದೆ. ಮನೆಯಲ್ಲಿ ಮಗು ಹುಟ್ಟಿದಾಗ, ಹಿರಿಯರು ತೀರಿಕೊಂಡಾಗ, ಮದುವೆಯಾದಾಗ ಒಂದು ಕೆರೆಯ ಹೆಸರಿನಲ್ಲಿ ದತ್ತಿಯಿಡುವ ಪದ್ಧತಿ ಬೆಳೆಯಬೇಕು. ಅಂಥ ನಿಧಿ ಸಂಘ ಅಥವಾ ವಿಶ್ವಸ್ತ ಮಂಡಳಿಯಾಗಿ ಕಾನೂನಿನಂತೆ ನೋಂದಣಿಯಾಗಿರಬೇಕು. ಮೂಲಧನದ ಖಾತೆ ಬೇರೆ, ಖರ್ಚಿನ ಖಾತೆ ಬೇರೆ ಇರಬೇಕು. ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆಯಾಗಿ, ಆ ಲೆಕ್ಕ ದಾನಿಗಳ ಮುಂದೆ ಬರಬೇಕು. ನೆಟ್ಟ ಸಸಿಗಳ ಸಂಖ್ಯೆಯನ್ನಲ್ಲ, ಮೂರನೆಯ ಬೇಸಗೆಯ ಬಳಿಕ ಉಳಿದ ಸಸಿಗಳ ಸಂಖ್ಯೆಯನ್ನು ಅದರಲ್ಲಿ ಬರೆಯಬೇಕು.

ಇದಕ್ಕೊಂದು ಆಕ್ಷೇಪಣೆಯುಂಟು. ಕಣ್ಣೆದುರಿಗೇ ಕೆರೆ ಸಾಯುತ್ತಿರುವಾಗ ಹಣವನ್ನು ಬ್ಯಾಂಕಿನಲ್ಲಿಟ್ಟು ಕುಳಿತುಕೊಳ್ಳುವುದು ಸರಿಯೆ? ಆಕ್ಷೇಪಣೆ ನಿರಾಧಾರವಾದುದಲ್ಲ. ಹೊತ್ತಿದ ಬೆಂಕಿಯನ್ನು ಬಡ್ಡಿಯ ಹಣದಿಂದ ಆರಿಸಲಾಗದು. ಅದಕ್ಕೆ ಕೂಡಲೆ ದೇಣಿಗೆಯೇ ಬೇಕು. ನಿಧಿ ದೊಡ್ಡದಾಯಿತೆಂದು ಸ್ವಯಂಸೇವಕರ ಕೈಗಳು ಸೋಮಾರಿಯಾದರೆ, ನಿಧಿಯ ಆಡಳಿತವೇ ಗುರಿಯಾಗಿ ಕೆರೆಯ ನೆನಪು ಹಿಂದೆ ಬಿದ್ದರೆ, ದತ್ತಿ ಇದ್ದೂ ಇಲ್ಲದಂತೆಯೇ. ಬೀಜವನ್ನು ಕಾಯುವುದು ಬಿತ್ತುವುದಕ್ಕಾಗಿಯೇ ಹೊರತು ಗಡಿಗೆಯನ್ನು ಪೂಜಿಸುವುದಕ್ಕಲ್ಲ. ಆದ್ದರಿಂದ ಬಂದ ಹಣದಲ್ಲಿ ಒಂದು ಪಾಲು ಇಂದಿನ ಕೆಲಸಕ್ಕೆ, ಒಂದು ಪಾಲು ನಾಳಿನ ನಿಧಿಗೆ ಎಂದು ಮೊದಲೇ ನಿಶ್ಚಯಿಸಿಕೊಳ್ಳುವುದು ಯೋಗ್ಯ.

ನಮ್ಮ ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ. ತಾನೇ ದಾನ ಮಾಡುವುದಕ್ಕಿಂತ ಮತ್ತೊಬ್ಬರು ಮಾಡಿದ ದಾನವನ್ನು ಪಾಲಿಸುವುದರಲ್ಲಿ ಇಮ್ಮಡಿ ಪುಣ್ಯವಿದೆ ಎಂಬುದೇ ಅದರ ತಾತ್ಪರ್ಯ. ಕಲ್ಲಿನಲ್ಲಿ ಕೊರೆಸಿದವನಿಗೆ ತನ್ನ ಮೊಮ್ಮಕ್ಕಳ ಮೊಮ್ಮಕ್ಕಳು ಯಾರೆಂದು ತಿಳಿದಿರಲಿಲ್ಲ. ಅವರು ಕುಡಿಯುವ ನೀರಿನ ಚಿಂತೆ ಮಾತ್ರ ಅವನಿಗಿತ್ತು. ಇಂದು ಶಾಲೆಯ ಅಂಗಳದಲ್ಲಿ ಸಸಿ ನೆಡುವ ವಿದ್ಯಾರ್ಥಿಯ ಮುಂದೆಯೂ ಅದೇ ಹೊಣೆಯಿದೆ. ನೆಡುವ ಪುಣ್ಯ ಒಂದು ದಿನದಲ್ಲಿ ದೊರೆಯುತ್ತದೆ; ಪಾಲಿಸುವ ಪುಣ್ಯಕ್ಕೆ ಬೇಸಗೆಗಳನ್ನು ದಾಟಬೇಕು.