ಇಳುವರಿ ಏರಿತು, ಆದಾಯ?

ಮುಂಗಾರು ಶುರುವಾದರೆ ಯೂರಿಯಾ, ಡಿಎಪಿ ಚೀಲಕ್ಕೆ ಸಾಲು ನಿಲ್ಲುವುದು ಕರ್ನಾಟಕದಲ್ಲಿ ಹೊಸದಲ್ಲ. ಆದರೆ ಇಲ್ಲಿನ ಖುಷ್ಕಿ ಹೊಲಗಳಿಗೆ ಕೊರತೆಯಾಗಿದ್ದುದು ಬೇರೆಯೇ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರಾಜ್ಯದ ಮಣ್ಣನ್ನು ಪರೀಕ್ಷಿಸಿದಾಗ ಊರೂರಲ್ಲೂ ಗಂಧಕ, ಸತು ಮತ್ತು ಬೋರಾನ್ ಕಡಿಮೆ ಇರುವುದು ಕಂಡುಬಂತು. ಮಳೆ ಕೈಕೊಟ್ಟಿತು ಎಂದು ರೈತರು ಹಣೆ ಚಚ್ಚಿಕೊಂಡ ಎಷ್ಟೋ ವರ್ಷಗಳಲ್ಲಿ ಮಳೆಯದ್ದು ಅರ್ಧ ತಪ್ಪಷ್ಟೇ ಇದ್ದಿರಬಹುದು.

ಈ ತಿಳಿವಳಿಕೆಯ ಮೇಲೆ 2009ರಲ್ಲಿ ರಾಜ್ಯ ಸರ್ಕಾರದ ‘ಭೂಚೇತನ’ ಯೋಜನೆ ಶುರುವಾಯಿತು. ಮೊದಲು ಆರು ಜಿಲ್ಲೆ, ಕೆಲವೇ ವರ್ಷಗಳಲ್ಲಿ ಇಡೀ ರಾಜ್ಯ. ಮಳೆಯಾಶ್ರಿತ ಬೆಳೆಗಳ ಇಳುವರಿಯನ್ನು ಶೇ 20ರಷ್ಟು ಹೆಚ್ಚಿಸುವುದು ಗುರಿ. ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್‌ಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಧ ಬೆಲೆಗೆ ಕೊಟ್ಟರು. ಬೋರಾಕ್ಸ್ ಎಕರೆಗೆ ಒಂದೆರಡು ಕಿಲೋ ಸಾಕು, ಖರ್ಚು ದೊಡ್ಡದಲ್ಲ. ಕಷ್ಟವಿದ್ದದ್ದು ನಂಬಿಸುವುದರಲ್ಲಿ. ಹಿಡಿಯಷ್ಟು ಬಿಳಿ ಪುಡಿಯಿಂದ ಶೇಂಗಾ ಕಾಯಿ ಗಟ್ಟಿಯಾಗುತ್ತದೆಂದರೆ ಯಾರು ತಾನೇ ನಂಬಿಯಾರು? ಅದಕ್ಕಾಗಿ ಆಯಾ ಊರಿನವರನ್ನೇ ‘ರೈತ ಅನುವುಗಾರ’ರನ್ನಾಗಿ ನೇಮಿಸಿಕೊಂಡರು. ಯಾವ ಬೆಳೆಗೆ ಏನು, ಎಷ್ಟು ಎಂಬುದನ್ನು ಊರ ಗೋಡೆಗಳ ಮೇಲೆ ಬರೆಸಿದರು. ಗುರಿಗಿಂತ ಹೆಚ್ಚು ಇಳುವರಿ ಬಂದ ಹೊಲಗಳೂ ಬಹಳ ಇದ್ದವೆಂದು ಇಕ್ರಿಸ್ಯಾಟ್ ದಾಖಲಿಸಿದೆ. ಹತ್ತಾರು ಯೋಜನೆಗಳು ಕಡತದಲ್ಲೇ ಕರಗಿಹೋದ ಕೃಷಿ ಇಲಾಖೆಗೆ ಇದು ಸಣ್ಣ ಸಾಧನೆಯಲ್ಲ.

ನೀರಿನ ಕಡೆಯಿಂದ ಬಂದದ್ದು 2014ರ ‘ಕೃಷಿ ಭಾಗ್ಯ’. ಹೊಲದ ಮೂಲೆಯಲ್ಲೊಂದು ಕೃಷಿ ಹೊಂಡ, ನೀರು ಇಂಗದಂತೆ ತಳಕ್ಕೆ ಪ್ಲಾಸ್ಟಿಕ್ ಹೊದಿಕೆ, ಪಂಪು, ತುಂತುರು ನೀರಾವರಿ. ಕಾಳು ಕಟ್ಟುವ ಹೊತ್ತಿಗೆ ಮಳೆ ಎರಡು ವಾರ ತಡೆದರೆ ಒಂದು ಸಲ ನೀರು ಹಾಯಿಸಿ ಬೆಳೆ ಉಳಿಸಿಕೊಳ್ಳುವುದು ಇದರ ಉದ್ದೇಶ. ಹೊಂಡಗಳೇನೋ ಬಂದವು, ಬೇಲಿ ಬರಲಿಲ್ಲ. ಮಕ್ಕಳು ಬಿದ್ದು ಸತ್ತ ಸುದ್ದಿಗಳು ಬಂದ ಮೇಲೆ, 2023ರಲ್ಲಿ ಯೋಜನೆ ಮರಳಿ ಜಾರಿಯಾದಾಗ ತಂತಿ ಬೇಲಿಯೂ ಅದರಲ್ಲಿ ಸೇರಿತು.

ಇಷ್ಟಾದರೂ ಬಡತನದ ಲೆಕ್ಕ ಹೊಲದಲ್ಲಿ ಮುಗಿಯುವುದಿಲ್ಲ. ಕಲಬುರಗಿಯ ತೊಗರಿಯನ್ನೇ ನೋಡಿ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಮರುವರ್ಷ ರೈತರು ಮುಗಿಬಿದ್ದು ಬಿತ್ತಿದರು, ಮಳೆಯೂ ಒದಗಿತು. ಸುಗ್ಗಿಯ ಹೊತ್ತಿಗೆ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದಿತ್ತು. ಕೇಂದ್ರದ ಬೋನಸ್ ಸೇರಿ ಕ್ವಿಂಟಲಿಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗೆ ರಾಜ್ಯ ಸರ್ಕಾರ 450 ಸೇರಿಸಿ 5,500 ಮಾಡಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದವು. ಸಾಲ ಕೊಟ್ಟವನು ಮನೆ ಬಾಗಿಲಲ್ಲಿ ನಿಂತಿರುವಾಗ ಸರದಿಗಾಗಿ ಕಾಯಲು ಎಲ್ಲರಿಂದ ಆದೀತೇ? ಚೂರುಪಾರು ಜಮೀನಿನವರು ಸಿಕ್ಕ ಬೆಲೆಗೆ ಮಾರಿಕೊಳ್ಳುವುದು ಇಂಥ ಹೊತ್ತಿನಲ್ಲೇ.

ಇನ್ನು ಈ ಯಾವ ಯೋಜನೆಯ ಪಟ್ಟಿಯಲ್ಲೂ ಸುಲಭವಾಗಿ ಹೆಸರು ಬರದವರಿದ್ದಾರೆ. 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನು ರದ್ದು ಮಾಡಿ ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು. ನಾಡಿನ ಬಡತನದ ಮೇಲೆ ಅದಕ್ಕಿಂತ ದೊಡ್ಡ ಹೊಡೆತ ಬಹುಶಃ ಮತ್ತೆ ಬಿದ್ದಿಲ್ಲ. ಆದರೆ ಗುತ್ತಿಗೆ, ಕೋರು ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು ಅಷ್ಟೆ. ಸಬ್ಸಿಡಿ, ಬೆಳೆ ಪರಿಹಾರ, ಬೆಂಬಲ ಬೆಲೆಯ ನೋಂದಣಿ ಎಲ್ಲಕ್ಕೂ ಪಹಣಿಯೇ ಆಧಾರ. ಉತ್ತು ಬಿತ್ತುವವನು ಒಬ್ಬ, ಪಹಣಿಯಲ್ಲಿರುವವನು ಇನ್ನೊಬ್ಬ ಆದಾಗ ಬರ ಪರಿಹಾರ ಪಟ್ಟಣದಲ್ಲಿರುವ ಮಾಲೀಕನ ಖಾತೆಗೆ ಹೋಗುತ್ತದೆ. ಕಳೆ ಕೀಳುವ, ಒಕ್ಕಣೆ ಮಾಡುವ ಹೆಂಗಸರ ಹೆಸರಂತೂ ಪಹಣಿಯಲ್ಲಿ ಕಾಣಬೇಕಾದರೆ ಹೆಚ್ಚಿನ ಕಡೆ ಗಂಡ ತೀರಿಕೊಂಡಿರಬೇಕು.