ಎತ್ತರದ ಹಾಲಿಗೆ ದೊಡ್ಡ ಕಿಟಕಿಯೇ?

ಹೊಸ ಮನೆಗೆ ಎರಡಂತಸ್ತಿನಷ್ಟು ಎತ್ತರದ ಹಾಲ್, ಅದಕ್ಕೆ ತಕ್ಕ ದೊಡ್ಡ ಗಾಜಿನ ಕಿಟಕಿ ಬೇಕೆಂಬ ಆಸೆಯೇ? ಚೆಂದವೇನೋ ಹೌದು. ಆದರೆ ಬಂದವರು ಒಮ್ಮೆ ಹೊಗಳಿ ಹೋಗುತ್ತಾರೆ. ದಿನವೂ ಸೆಕೆ, ಧೂಳಿನ ಜೊತೆ ಏಗೋರು ನಾವು ತಾನೇ? ನಕ್ಷೆ ಬರೆಸುವಾಗಲೇ ಬಾಯಿಬಿಟ್ಟು ಹೇಳಿ.

ದೊಡ್ಡ ಕಿಟಕಿ ಉತ್ತರಕ್ಕಿರಲಿ. ಪಶ್ಚಿಮಕ್ಕಿಟ್ಟರೆ ಇಳಿಬಿಸಿಲಿಗೆ ಹಾಲ್ ಕಾದ ಕಾವಲಿಯಾಗುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಸೂರಿನ ಬಳಿ ವೆಂಟಿಲೇಟರ್ ಇಡಿಸಿ; ಹಿಂದಿನವರ ಗವಾಕ್ಷಿ ಮಾಡುತ್ತಿದ್ದ ಕೆಲಸವೂ ಅದೇ. ಪರದೆ ಕೆಳಗಿನ 7 ಅಡಿಗೆ ಸಾಕು. ಕೈಮಗ್ಗದ ಬಟ್ಟೆಯಾದರೆ ಮನೆಯಲ್ಲೇ ಒಗೆಯಬಹುದು. ಮಹಡಿಯ ಕಟಕಟೆ 3½ ಅಡಿ ಎತ್ತರವಿರಲಿ. ಸರಳು ಅಡ್ಡಡ್ಡ ಬೇಡ, ಮಕ್ಕಳು ಹತ್ತುತ್ತಾರೆ; ನೆಟ್ಟಗಿರಲಿ, ಸಂದು 4 ಅಂಗುಲ ಮೀರದಿರಲಿ.

ಇಷ್ಟಾದ ಮೇಲೆ ಗೋಡೆಗೆ ತಿಳಿಬಣ್ಣ, ಮೂಲೆಗೊಂದು ಮನಿಪ್ಲಾಂಟ್ ಬಳ್ಳಿ. ಅಲಂಕಾರಕ್ಕೆ ಬೇರೇನು ಬೇಕು, ಹೇಳಿ?