ಮೋಟಾರು ಯಂತ್ರದ ಕಿಟ್ಟವೂ ಅದರ ಚಿಕಿತ್ಸೆಯೂ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ಮೂವತ್ತು ವರ್ಷಕಾಲ ಹುಡುಗರಿಗೆ ಹೇಳಿಕೊಟ್ಟವನು ನಾನು. ಅದರ ಅರ್ಥವು ನನಗೇ ಚೆನ್ನಾಗಿ ಮನವರಿಕೆಯಾದುದು ನಿವೃತ್ತನಾದ ಮೇಲೆ, ಒಂದು ಮೋಟಾರು ಗಾಡಿಯ ದೆಸೆಯಿಂದ. ಆ ಪಾಠಕ್ಕಾಗಿ ನಾನು ತೆತ್ತ ದಕ್ಷಿಣೆಯು ಅಲ್ಪವಲ್ಲ. ಅದಕ್ಕಿಂತಲೂ ಹೆಚ್ಚಾಗಿ, ನಿರಪರಾಧಿಯೊಬ್ಬನನ್ನು ನಿಂದಿಸಿದ ದೋಷವೂ ನನಗೆ ಅಂಟಿತು. ನನ್ನಂತೆಯೇ ಮನೆಯಲ್ಲಿ ಗಾಡಿಯನ್ನಿಟ್ಟುಕೊಂಡು ಅದರ ಒಳಗನ್ನರಿಯದ ಗೃಹಸ್ಥರು ಅನೇಕರಿರುವುದರಿಂದ ಈ ವೃತ್ತಾಂತವನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರಿತು.

ನಾವಿರುವುದು ಮಂಡ್ಯದಲ್ಲಿ. ನನ್ನ ಮಗನು ಉದ್ಯೋಗನಿಮಿತ್ತ ಪರದೇಶಕ್ಕೆ ಹೋಗುವಾಗ ತನ್ನ ಪೆಟ್ರೋಲ್ ಕಾರನ್ನು ನಮ್ಮಲ್ಲಿ ಬಿಟ್ಟುಹೋದನು. ಬೆಳಿಗ್ಗೆ ಮಾರುಕಟ್ಟೆಗೆ ಒಂದು ಮೈಲಿ, ಸಂಜೆ ದೇವಸ್ಥಾನಕ್ಕೆ ಒಂದು ಮೈಲಿ. ಇಷ್ಟೇ ಅದರ ಸಂಚಾರ. ಯಂತ್ರವು ಚೆನ್ನಾಗಿ ಬಿಸಿಯೇರುವುದರೊಳಗಾಗಿ ನಾವು ಮನೆ ಸೇರಿರುತ್ತಿದ್ದೆವು. ಐದನೆಯ ವರ್ಷದಲ್ಲಿ ಗಾಡಿಗೆ ಒಂದು ವ್ಯಾಧಿಯು ತಲೆದೋರಿತು. ಬೆಳಗಿನ ತಂಪಿನಲ್ಲಿ ಚಾಲನೆ ಮಾಡಿದೊಡನೆ ಚಳಿಜ್ವರ ಬಂದವರಂತೆ ಗಡಗಡನೆ ನಡುಗುವುದು. ಸ್ವಲ್ಪ ಹೊತ್ತಿಗೆ ಬಿಸಿಯಾದರೆ ನಡುಕವು ತಾನಾಗಿ ಅಡಗುವುದು. ದಿಣ್ಣೆಯನ್ನೇರುವಾಗ ಮೊದಲಿನ ಕಸುವಿಲ್ಲ. ಪೆಟ್ರೋಲಿನ ಖರ್ಚು ಮಾತ್ರ ಮೊದಲಿಗಿಂತ ಹೆಚ್ಚು.

ಇದು ಕಲಬೆರಕೆ ಪೆಟ್ರೋಲಿನ ಫಲವೆಂದು ನಾನು ನಿಶ್ಚಯಿಸಿಬಿಟ್ಟೆನು. ನಾವು ವಾಡಿಕೆಯಾಗಿ ಹೋಗುತ್ತಿದ್ದ ಬಂಕಿನ ಹುಡುಗನನ್ನು ಹತ್ತು ಜನರೆದುರಿಗೆ ಗದರಿಸಿದೆನು. ಅವನು, “ಬೇಕಾದ್ರೆ ಪರೀಕ್ಷೆ ಮಾಡಿ ನೋಡಿ ಮೇಷ್ಟ್ರೇ” ಎಂದು ಸೋಸುಕಾಗದವನ್ನು ತಂದನು. ಕೇಳಿದ ಗಿರಾಕಿಗೆ ಈ ಪರೀಕ್ಷೆಯನ್ನು ಮಾಡಿ ತೋರಿಸುವುದು ಬಂಕುಗಳ ಕರ್ತವ್ಯವೇ ಆಗಿದೆ. ಆ ಕಾಗದದ ಮೇಲೆ ಪೆಟ್ರೋಲಿನ ಒಂದು ತೊಟ್ಟನ್ನು ಬಿಟ್ಟರೆ, ಶುದ್ಧವಾದುದು ಎರಡು ನಿಮಿಷದೊಳಗೆ ಎಣ್ಣೆಯ ಕಲೆಯುಳಿಯದೆ ಆರಿಹೋಗುವುದು. ಪ್ರಮಾಣವಿಲ್ಲದೆ ಯಾವುದನ್ನೂ ನಂಬಬೇಡಿರೆಂದು ತರಗತಿಯಲ್ಲಿ ಬೋಧಿಸಿದ ನಾನು, ಕಣ್ಣೆದುರಿಗೆ ಬಂದ ಪ್ರಮಾಣವನ್ನು ನೋಡದೆಯೇ ಗಾಡಿ ತಿರುಗಿಸಿಕೊಂಡು ಹೊರಟೆನು.

ಅನಂತರ ಒಂದು ಕಾರ್ಖಾನೆಗೆ ಹೋದೆವು. ಅಲ್ಲಿ “ಇಂಧನಮಾರ್ಗದ ಶುದ್ಧಿ” ಮಾಡಬೇಕೆಂದು ಹೇಳಿ, ಟ್ಯಾಂಕಿಗೆ ಒಂದು ಸೀಸೆ ಔಷಧವನ್ನು ಸುರಿದು ಹಣವನ್ನು ಪಡೆದರು. ಗುಣ ಕಾಣಲಿಲ್ಲ. ಮೂರು ತಿಂಗಳ ಮೇಲೆ ಮತ್ತೊಂದು ಸೀಸೆ, ಮತ್ತಷ್ಟು ಹಣ. ಅದಾದ ಕೆಲವೇ ದಿನಗಳಲ್ಲಿ, ನನ್ನ ಪತ್ನಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಸುಕಿನಲ್ಲಿ ಮೈಸೂರಿಗೆ ಹೊರಟೆವು. ಶ್ರೀರಂಗಪಟ್ಟಣದ ಬಳಿ ಗಾಡಿಯು ಕುಂಟತೊಡಗಿತು. ಎದುರಿನ ಫಲಕದಲ್ಲಿ ಯಂತ್ರದ ಎಚ್ಚರಿಕೆಯ ದೀಪವು ಮಿಣುಕತೊಡಗಿತು. ರಸ್ತೆಯ ಬದಿಗೆ ಇಳಿದು ಬಸ್ಸು ಹಿಡಿದು ನಾವು ಆಸ್ಪತ್ರೆಯನ್ನು ಸೇರುವ ವೇಳೆಗೆ ನಮ್ಮ ಸರದಿಯು ಮೀರಿತ್ತು. ಇನ್ನೂ ಹದಿನೈದು ದಿನ ಆಕೆಯು ಮಂಜುಗಣ್ಣಿನಲ್ಲೇ ಅಡಿಗೆಮನೆಯಲ್ಲಿ ತಡವರಿಸಬೇಕಾಯಿತು.

ರೋಗದ ನಿದಾನ

ಕಡೆಗೆ ನಮಗೆ ನಿಜವನ್ನು ತೋರಿಸಿದವರು ವಯಸ್ಸಾದ ಒಬ್ಬ ಮೆಕ್ಯಾನಿಕ್. ಅವರು ಯಂತ್ರಕ್ಕೆ ಗಾಳಿ ಹೋಗುವ ಕೊಳವೆಯನ್ನು ಬಿಚ್ಚಿ, ದಾರದಂತೆ ಸಪುರವಾದ ಕ್ಯಾಮರಾ ಒಂದನ್ನು ಒಳಗೆ ಬಿಟ್ಟು, ಅದರ ಚಿತ್ರವನ್ನು ನನ್ನ ಕಣ್ಣಿಗೆ ತೋರಿಸಿದರು. ಗಾಳಿಯನ್ನು ಒಳಬಿಡುವ ವಾಲ್ವುಗಳ ಬೆನ್ನಮೇಲೆ, ಹಳೆಯ ಬಾಣಲೆಯ ತಳದಲ್ಲಿರುವಂತೆ ಕಪ್ಪು ಕಿಟ್ಟವು ಹೆಪ್ಪುಗಟ್ಟಿತ್ತು. “ಮೇಷ್ಟ್ರೇ, ನೀವು ಟ್ಯಾಂಕಿಗೆ ಹಾಕ್ಸಿದ ಔಷಧಿ ಈ ಜಾಗಕ್ಕೆ ಬರೋದೇ ಇಲ್ಲ. ಬರದೆ ಹೆಂಗೆ ತೊಳೀತದೆ?” ಎಂದರು. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಯಂತ್ರದ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು.

ಮೋಟಾರಿನ ಸಿಲಿಂಡರೆಂಬುದು ಒಂದು ಒಲೆಯೆಂದು ಭಾವಿಸಿರಿ. ಒಲೆಗೆ ಸೌದೆಯೂ ಬೇಕು, ಗಾಳಿಯೂ ಬೇಕು. ಇಲ್ಲಿ ಸೌದೆಯೆಂದರೆ ಪೆಟ್ರೋಲು. ಗಾಳಿ ಬರುವ ಬಾಗಿಲೆಂದರೆ ವಾಲ್ವು. ಯಂತ್ರವು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಈ ಬಾಗಿಲು 1000 ಸಲ ತೆರೆದು ಮುಚ್ಚುವುದು. ಹಿಂದಿನ ಕಾಲದ ಕಾರ್ಬುರೇಟರಿನಲ್ಲಿ ಪೆಟ್ರೋಲು ಗಾಳಿಯೊಡನೆ ಬೆರೆತೇ ಬಾಗಿಲಿಗೆ ಬರುತ್ತಿತ್ತು. ಅದರ ತರುವಾಯ ಬಂದ ಪದ್ಧತಿಯಲ್ಲಿ ಇಂಜೆಕ್ಟರು ಬಾಗಿಲ ಹೊರಗೆ ನಿಂತು, ಸುಮಾರು 3 ಅಥವಾ 4 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ವಾಲ್ವಿನ ಬೆನ್ನಿನ ಕಡೆಗೇ ಸಿಂಪಡಿಸುವುದು. ಪೆಟ್ರೋಲು ಜಿಡ್ಡನ್ನು ಕರಗಿಸುವ ದ್ರವವಷ್ಟೆ. ಅದರಲ್ಲಿ ಶೋಧಕದ್ರವ್ಯಗಳೂ ಬೆರೆತಿರುವುವು. ಆದುದರಿಂದ ವಾಲ್ವಿಗೆ ಅನುಕ್ಷಣವೂ ಅಭ್ಯಂಜನವಾದಂತಾಗುತ್ತಿತ್ತು.

ನೇರ ಸಿಂಪಡಣೆಯ ಯಂತ್ರದಲ್ಲಿ ಹೀಗಲ್ಲ. ಅಲ್ಲಿ ಇಂಜೆಕ್ಟರಿನ ಮೂತಿಯು ಒಲೆಯೊಳಗೇ ಇರುವುದು. 200 ಬಾರ್, ಕೆಲವು ಹೊಸ ಯಂತ್ರಗಳಲ್ಲಿ 350 ಬಾರ್ ಒತ್ತಡದಲ್ಲಿ ಅದು ಪೆಟ್ರೋಲನ್ನು ಮಂಜಿನಂತೆ ಒಳಗೇ ಎರಚುವುದು. ಆ ಮಂಜು ಆವಿಯಾಗುವಾಗ ಒಳಗಿನ ಗಾಳಿಯು ತಂಪಾಗುವುದರಿಂದ, ಅದನ್ನು ಹೆಚ್ಚು ಒತ್ತಿ ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಬಲವನ್ನು ಪಡೆಯಬಹುದು. ಈ ಪದ್ಧತಿಯು ಕೇವಲ ಇಂದಿನದಲ್ಲ. ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯ ವಿಮಾನಯಂತ್ರಗಳಲ್ಲಿ ಇದಿತ್ತು. 1954ರಲ್ಲಿ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್ ಎಂಬ ಕಾರಿಗೆ ಬಂದಿತು. 1996ರಲ್ಲಿ ಜಪಾನಿನ ಮಿತ್ಸುಬಿಷಿಯವರು ವಿದ್ಯುನ್ನಿಯಂತ್ರಣದೊಡನೆ ಇದನ್ನು ಸಾಮಾನ್ಯ ಕಾರಿಗೆ ತಂದರು.

ಆದರೆ ಗುಣದ ಬೆನ್ನಿಗೇ ಒಂದು ದೋಷವೂ ಬಂದಿತು. ಬಾಗಿಲ ಮೂಲಕ ಬರುವುದು ಈಗ ಬರಿಯ ಗಾಳಿ, ವಾಲ್ವಿಗೆ ಸ್ನಾನವಿಲ್ಲ. ಆ ಗಾಳಿಯಾದರೂ ಶುದ್ಧವಲ್ಲ. ಪಿಸ್ಟನ್ನಿನ ಬಳೆಗಳ ಸಂದಿನಿಂದ ಕೆಳಗೆ ನುಸುಳಿದ ಹೊಗೆಯು ಎಂಜಿನ್ ಆಯಿಲ್ಲಿನ ಆವಿಯೊಡನೆ ಬೆರೆಯುವುದು. ಅದನ್ನು ಹೊರಗೆ ಬಿಟ್ಟರೆ ಊರಿನ ಗಾಳಿ ಕೆಡುವುದರಿಂದ, ಮರಳಿ ಯಂತ್ರಕ್ಕೇ ಕುಡಿಸುವ ಏರ್ಪಾಡಿದೆ. ಅನೇಕ ಯಂತ್ರಗಳಲ್ಲಿ ಉರಿದ ಹೊಗೆಯ ಒಂದು ಪಾಲನ್ನೂ ಹೀಗೆಯೇ ಹಿಂದಿರುಗಿಸುವರು. ಒಗ್ಗರಣೆಯ ಹೊಗೆಯಿಂದ ಅಡಿಗೆಮನೆಯ ಗೋಡೆಗೆ ಜಿಡ್ಡು ಹಿಡಿಯುವುದಿಲ್ಲವೆ? ಹಾಗೆಯೇ ಈ ಎಣ್ಣೆಯ ಆವಿಯು ವಾಲ್ವಿನ ಬೆನ್ನಿಗೆ ಹತ್ತಿ, ಅಲ್ಲಿನ ಕಾವಿಗೆ ಬೆಂದು ಕಿಟ್ಟವಾಗುವುದು. ಗೃಹಿಣಿಯರು ಇದನ್ನು ಸುಲಭವಾಗಿ ಗ್ರಹಿಸುವರು: ಬಾಣಲೆಯ ಒಳಗನ್ನು ದಿನವೂ ತಿಕ್ಕಿದರೂ ಬೆನ್ನನ್ನು ತಿಕ್ಕದಿದ್ದರೆ ಕರಿಯು ಪದರಪದರವಾಗಿ ಕೂರುವುದು. ಕಿಟ್ಟವು ದಪ್ಪನಾದಂತೆ ಗಾಳಿಯ ದಾರಿಯು ಇರುಕಾಗಿ, ಒಲೆಯು ಸರಿಯಾಗಿ ಹೊತ್ತದೆ, ಯಂತ್ರವು ನಡುಗುವುದು.

ಚಿಕಿತ್ಸೆ

ಹಾಗಾದರೆ ಟ್ಯಾಂಕಿಗೆ ಹಾಕುವ ಔಷಧವು ಕೇವಲ ವಂಚನೆಯೆ? ಹಾಗೆಂದರೂ ತಪ್ಪಾದೀತು. ಇಂಜೆಕ್ಟರಿನ ಮೂತಿಯು ಉರಿಯ ನಡುವೆಯೇ ಇರುವುದರಿಂದ ಅದಕ್ಕೂ ಮಸಿ ಕಟ್ಟುವುದುಂಟು. ಆ ಮಸಿಯನ್ನು ಕರಗಿಸುವ ಒಳ್ಳೆಯ ಶೋಧಕವು ಪೆಟ್ರೋಲಿನ ಜೊತೆಯಲ್ಲಿ ಅಲ್ಲಿಗೆ ಮುಟ್ಟುವುದು. ಆದುದರಿಂದ ಅಲ್ಲಿ ಅದಕ್ಕೆ ಪ್ರಯೋಜನವಿದೆ. ವಾಲ್ವಿನ ಬೆನ್ನಿಗೆ ಮಾತ್ರ ಅದು ಎಂದಿಗೂ ಮುಟ್ಟದು. ಔಷಧವು ಸುಳ್ಳಲ್ಲ, ನಮ್ಮ ಗಾಡಿಯ ರೋಗವೇ ಬೇರೆ.

ಗಾಳಿಯ ದಾರಿಯಲ್ಲಿ ಸಿಂಪಡಿಸುವ ಇನ್ನೊಂದು ಬಗೆಯ ದ್ರವವುಂಟು. ಅದು ವಾಲ್ವಿಗೆ ತಗಲುವುದು ನಿಜ. ತೆಳುವಾದ ಜಿಡ್ಡಿದ್ದರೆ ಸ್ವಲ್ಪಮಟ್ಟಿಗೆ ಬಿಡಿಸಲೂಬಹುದು. ಬೆಂದು ಗಟ್ಟಿಯಾದ ಕಿಟ್ಟಕ್ಕೆ ಅದು ಸಾಲದು.

ಬಲಿತ ಕಿಟ್ಟಕ್ಕೆ ನೆಚ್ಚತಕ್ಕ ಉಪಾಯವೊಂದು ಕೇಳಲು ವಿನೋದವಾಗಿದೆ: ಅಕ್ರೋಟಿನ ಚಿಪ್ಪಿನ ತರಿ! ಗಾಳಿಯ ಕೊಳವೆಯ ಜೋಡಣೆಯನ್ನು ಬಿಚ್ಚಿ, ಒತ್ತಡದ ಗಾಳಿಯಿಂದ ಈ ತರಿಯನ್ನು ವಾಲ್ವಿನ ಮೇಲೆ ರಭಸವಾಗಿ ಊದುವರು. ಉದುರಿದ ಕಿಟ್ಟವನ್ನೂ ತರಿಯನ್ನೂ ಹೀರುಯಂತ್ರವು ಒಡನೆಯೇ ಎಳೆದುಕೊಳ್ಳುವುದು. ಚಿಪ್ಪಿನ ತರಿಯು ಕಿಟ್ಟವನ್ನು ಕೆರೆಯುವಷ್ಟು ಗಟ್ಟಿ, ಲೋಹವನ್ನು ಗೀರದಷ್ಟು ಮೃದು. ಒಂದೇ ಎಚ್ಚರಿಕೆ: ಊದುವಾಗ ಆ ಸಿಲಿಂಡರಿನ ವಾಲ್ವುಗಳು ಪೂರ್ತಿ ಮುಚ್ಚಿರಬೇಕು, ಇಲ್ಲವಾದರೆ ತರಿಯು ಒಳಕ್ಕೆ ಬಿದ್ದು ಕೇಡಾಗುವುದು. ಆದುದರಿಂದ ಇದು ಅರಿತವರ ಕೈಯ ಕೆಲಸ. ನಮ್ಮ ಮೆಕ್ಯಾನಿಕರು ಇದಕ್ಕೆ ಒಂದು ದಿನವನ್ನು ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಗಾಡಿಯು ನಡುಗಲಿಲ್ಲ.

ಯಂತ್ರನಿರ್ಮಾಪಕರೂ ಸುಮ್ಮನಿಲ್ಲ. ಟೊಯೋಟಾದವರು 2005ರಲ್ಲೇ ಒಳಗೊಂದು ಹೊರಗೊಂದು, ಹೀಗೆ ಎರಡು ಬಗೆಯ ಇಂಜೆಕ್ಟರುಗಳನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದರು. ಫೋರ್ಡಿನವರು 2017ರಲ್ಲಿ ತಮ್ಮ ಒಂದು ದೊಡ್ಡ ಯಂತ್ರಕ್ಕೆ ಅದೇ ಕ್ರಮವನ್ನು ತಂದರು. ಹೊರಗಿನ ಇಂಜೆಕ್ಟರಿನಿಂದ ವಾಲ್ವಿಗೆ ಮರಳಿ ಸ್ನಾನವಾಯಿತು.

ಪಥ್ಯ

ಚಿಕಿತ್ಸೆಗಿಂತ ಪಥ್ಯವು ಲೇಸು. ಮೊದಲನೆಯದಾಗಿ, ನಿಮ್ಮ ಗಾಡಿಯ ಜಾತಿಯನ್ನು ತಿಳಿಯಿರಿ. ಟಿ.ಎಸ್.ಐ., ಜಿ.ಡಿ.ಐ. ಎಂಬ ಅಕ್ಷರಗಳು ನೇರ ಸಿಂಪಡಣೆಯ ಗುರುತುಗಳು. ಸಂದೇಹವಿದ್ದರೆ ಗಾಡಿಯೊಡನೆ ಕೊಟ್ಟ ಪುಸ್ತಕವನ್ನು ನೋಡಿರಿ. ನಮ್ಮಲ್ಲಿ ಓಡಾಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟು ಹಳೆಯ ಕ್ರಮದವೇ. ಅವುಗಳ ಒಡೆಯರಿಗೆ ಈ ಚಿಂತೆಯಿಲ್ಲ. ಎರಡನೆಯದಾಗಿ, ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ, ಹೇಳಿದ ಅವಧಿ ಮೀರದಂತೆ ಬದಲಾಯಿಸಿರಿ. ಮೂರನೆಯದಾಗಿ, ಗಾಡಿಯನ್ನು ಬರಿಯ ಗಿಡ್ಡ ಓಡಾಟದಲ್ಲೇ ಸವೆಸದೆ, ಆಗಾಗ ಅರ್ಧ ಗಂಟೆಯಾದರೂ ಹೆದ್ದಾರಿಯಲ್ಲಿ ಓಡಿಸಿರಿ. ನಾಲ್ಕನೆಯದಾಗಿ, ಯಂತ್ರದ ದೀಪವು ಮಿಣುಕಿದರೆ ಗಾಡಿಯನ್ನು ನಿಲ್ಲಿಸಿಬಿಡಿರಿ. ಉರಿಯದ ಪೆಟ್ರೋಲು ಹೊಗೆಯ ಕೊಳವೆಗೆ ಹೋಗಿ, ಅಲ್ಲಿರುವ ಬಹು ಬೆಲೆಯ ಶೋಧಕಯಂತ್ರವನ್ನು ಸುಟ್ಟುಹಾಕೀತು. ಕಡೆಯದಾಗಿ, ಶುದ್ಧಿ ಮಾಡಬೇಕೆಂದು ಯಾರಾದರೂ ಹೇಳಿದರೆ, “ಎಲ್ಲಿಯ ಶುದ್ಧಿ? ಕೊಳೆಯನ್ನು ಮೊದಲು ತೋರಿಸಿರಿ” ಎಂದು ಕೇಳಿರಿ. ಕ್ಯಾಮರಾದಲ್ಲಿ ಕಂಡ ಮೇಲೆ ಹಣ ಕೊಡುವಿರಂತೆ.

ಗಾಡಿಯು ಗುಣವಾದ ಮೇಲೆ ನನಗೊಂದು ಕೆಲಸವುಳಿದಿತ್ತು. ಪತ್ನಿಯ ಶಸ್ತ್ರಚಿಕಿತ್ಸೆಯು ಮುಗಿದ ವಾರದಲ್ಲಿ ಆ ಹಳೆಯ ಬಂಕಿಗೆ ಹೋದೆನು. ಗದರಿಸಿದುದು ಹತ್ತು ಜನರೆದುರಿಗಾದುದರಿಂದ, ತಪ್ಪೊಪ್ಪಿಗೆಯೂ ಹಾಗೆಯೇ ಆಗಬೇಕೆಂದು ಜನವಿರುವ ಹೊತ್ತನ್ನೇ ನೋಡಿಕೊಂಡು, “ದೋಷ ನನ್ನ ಗಾಡಿಯದಪ್ಪಾ, ನಿನ್ನ ಪೆಟ್ರೋಲಿನದಲ್ಲ” ಎಂದೆನು. ಅವನು ನಾಚಿ, “ಬಿಡಿ ಮೇಷ್ಟ್ರೇ, ಎಷ್ಟಕ್ಕೆ ಹಾಕ್ಲಿ?” ಎಂದು ಕೇಳಿದನು. “ಮೊದಲು ಆ ಸೋಸುಕಾಗದವನ್ನು ತಾ, ಅಂದು ನೋಡದೆ ಹೋದೆ” ಎಂದೆನು. ಅವನು ತಂದು ಒಂದು ತೊಟ್ಟು ಬಿಟ್ಟನು. ಇಬ್ಬರೂ ಬಾಗಿ ನೋಡುತ್ತ ನಿಂತೆವು. ಎರಡು ನಿಮಿಷಕ್ಕೆ ಅದು ಕಲೆಯಿಲ್ಲದೆ ಆರಿತು.